ಅಗ್ಗದ ಪಿಸ್ತೂಲಿಗೆ ಅಂಟಿದ ಕೆಟ್ಟ ಹೆಸರು ಸರಿಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಓಹಿಯೋದಲ್ಲಿ. ಬಿಡುವಿದ್ದಾಗ ಶೂಟಿಂಗ್ ರೇಂಜಿಗೆ ಹೋಗುತ್ತೇನೆ ಅಂತ ಒಬ್ಬರಿಗೆ ಗೊತ್ತಾದದ್ದೇ ತಡ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಊರಿಂದ ಬರುವ ಮೇಲ್‌ನಲ್ಲಿ ಇದೇ ವಿಚಾರ. ಬಂದೂಕು ಬೇಕೋ ಬೇಡವೋ ಅನ್ನುವ ದೊಡ್ಡ ಜಗಳಕ್ಕೆ ನಾನಿಲ್ಲಿ ಕೈ ಹಾಕುವುದಿಲ್ಲ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಇಲ್ಲಿರುವುದೆಲ್ಲ ಅಮೆರಿಕದ ಮಾರುಕಟ್ಟೆಯ ಮಾತು. ಭಾರತದ ಕಾನೂನು ಪೂರ್ತಿ ಬೇರೆ, ಅದಕ್ಕೆ ಕೊನೆಯ ಭಾಗದಲ್ಲಿ ಒಂದು ಪ್ರಶ್ನೆ ಇದೆ.

## ಮೊದಮೊದಲ ಪ್ರಶ್ನೆಗಳು

"ಅಗ್ಗದ ಪಿಸ್ತೂಲು ಅಂದ್ರೆ ಎಷ್ಟು ದುಡ್ಡಿನದು?"

ಹೊಸದಾದರೆ 150ರಿಂದ 350 ಡಾಲರ್ ಒಳಗಿನದನ್ನು ಈ ಸಾಲಿಗೆ ಸೇರಿಸುತ್ತಾರೆ. ಇಲ್ಲಿನ ಪೊಲೀಸರ ಸೊಂಟದಲ್ಲಿ ಕಾಣುವ ಗ್ಲಾಕ್ ಬೇಕೆಂದರೆ ಸುಮಾರು 500ರಿಂದ 600 ಡಾಲರ್. ಹೈ-ಪಾಯಿಂಟ್ ಸಿ9 ಅನ್ನುವ 9 ಎಂಎಂ (ಅಂದರೆ 9 ಮಿಲಿಮೀಟರ್ ಅಗಲದ ಗುಂಡಿನ) ಪಿಸ್ತೂಲು 200 ಡಾಲರ್ ಆಸುಪಾಸಿಗೆ ಸಿಗುತ್ತದೆ. ಬ್ರೆಝಿಲ್‌ನ ಟಾರಸ್ ಕಂಪನಿಯ ಜಿ2ಸಿ ಅದಕ್ಕಿಂತ ಸ್ವಲ್ಪ ಮೇಲೆ. ರೂಗರ್, ಸ್ಮಿತ್ ಆಂಡ್ ವೆಸನ್‌ನಂಥ ಹಳೇ ಹೆಸರುಗಳೂ ಕಡಿಮೆ ಬೆಲೆಯ ಒಂದೆರಡು ಮಾಡೆಲ್ ಇಟ್ಟುಕೊಂಡಿವೆ.

ಗೊಂದಲ ಶುರುವಾಗುವುದೇ ಇಲ್ಲಿ. 1980ರ ದಶಕದಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿದ್ದ ಪಿಸ್ತೂಲುಗಳು ಸಂಪಾದಿಸಿದ ಕೆಟ್ಟ ಹೆಸರನ್ನು ಜನ ಇವತ್ತಿನ 250 ಡಾಲರ್ ಪಿಸ್ತೂಲಿನ ತಲೆಗೆ ಕಟ್ಟುತ್ತಾರೆ. ಎರಡೂ ಅಗ್ಗವೇ, ಆದರೆ ಒಂದೇ ಜಾತಿಯವಲ್ಲ.

"ಅಷ್ಟು ಅಗ್ಗ ಅಂದ್ಮೇಲೆ ಕೈಯಲ್ಲೇ ಸಿಡಿದುಬಿಡಲ್ವಾ?"

ಹೆಸರಿರುವ ಕಂಪನಿಯ ಹೊಸ ಪಿಸ್ತೂಲಿನಲ್ಲಿ ಈ ಭಯ ಬೇಡ. 9 ಎಂಎಂ ಕಾಡತೂಸು ಒಳಗೆ ಎಷ್ಟು ಒತ್ತಡ ಹುಟ್ಟಿಸಬಹುದು ಅನ್ನುವುದಕ್ಕೆ ಅಮೆರಿಕದ ಉದ್ಯಮವೇ ಒಂದು ಮಿತಿ ಇಟ್ಟುಕೊಂಡಿದೆ: ಚದರ ಇಂಚಿಗೆ 35,000 ಪೌಂಡ್. ಅದನ್ನು ತಡೆಯುವಂತೆಯೇ ನಳಿಕೆ ಮಾಡಿರುತ್ತಾರೆ. ಎಲ್ಲರೂ ಗೇಲಿ ಮಾಡುವ ಹೈ-ಪಾಯಿಂಟ್‌ಗೂ ನಳಿಕೆ ಉಕ್ಕಿನದೇ. ಮಾಮೂಲಿಗಿಂತ ಜಾಸ್ತಿ ಒತ್ತಡದ, ಪ್ಲಸ್-ಪಿ ಅಂತ ಗುರುತು ಇರುವ ಕಾಡತೂಸನ್ನೂ ಅದರಲ್ಲಿ ಹಾಕಬಹುದು ಅಂತ ಕಂಪನಿಯೇ ಹೇಳುತ್ತದೆ.

ಪಿಸ್ತೂಲು ಒಡೆದ ಚಿತ್ರಗಳು ಓಡಾಡುತ್ತಿರುತ್ತವೆ, ನಿಜ. ಅದರಲ್ಲಿ ದುಬಾರಿಯವೂ ಇರುತ್ತವೆ. ಸಾಮಾನ್ಯವಾಗಿ ತಪ್ಪು ಇರುವುದು ಗುಂಡಿನಲ್ಲಿ. ಮನೆಯಲ್ಲೇ ತುಂಬಿಕೊಂಡ ಕಾಡತೂಸಿಗೆ ಮದ್ದು ಎರಡು ಸಲ ಬಿದ್ದಿರುತ್ತದೆ. ಇಲ್ಲವೇ ಮದ್ದು ಕಡಿಮೆಯಾಗಿ ಒಂದು ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಅದರ ಹಿಂದೆಯೇ ಇನ್ನೊಂದು ಹೊಡೆದಿರುತ್ತಾರೆ. "ಢಂ" ಅನ್ನಬೇಕಾದ ಕಡೆ "ಠಪ್" ಅಂತ ಸಣ್ಣ ಸದ್ದು ಬಂದು, ಕೈಗೆ ಒದೆತವೇ ಗೊತ್ತಾಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಪಿಸ್ತೂಲು ಖಾಲಿ ಮಾಡಿ, ನಳಿಕೆ ನೋಡದೆ ಮುಂದಿನ ಗುಂಡು ಹೊಡೆಯಬಾರದು. ಬೆಲೆ ಎಷ್ಟೇ ಇರಲಿ, ಈ ನಿಯಮ ಒಂದೇ.

"ನಮ್ಮ ಕಡೆ ಪೇಪರಲ್ಲಿ ಬರುತ್ತಲ್ಲ ನಾಡಪಿಸ್ತೂಲು, ಅದೇ ಥರ ಅಲ್ವಾ ಇದು?"

ಅಲ್ಲವೇ ಅಲ್ಲ. ನಾಡಪಿಸ್ತೂಲು ಅಂದರೆ ಕದ್ದುಮುಚ್ಚಿ ಮಾಡಿದ್ದು. ಯಾವ ಉಕ್ಕು ಅಂತ ಗೊತ್ತಿಲ್ಲ, ಯಾರೂ ಪರೀಕ್ಷಿಸಿಲ್ಲ, ನಂಬರೂ ಇಲ್ಲ. ಅದು ಹಿಡಿದವನಿಗೇ ಅಪಾಯ. ಅಮೆರಿಕದ ಅಗ್ಗದ ಪಿಸ್ತೂಲು ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ಆಗುತ್ತದೆ, ಪ್ರತಿಯೊಂದಕ್ಕೂ ಸೀರಿಯಲ್ ನಂಬರ್ ಇರುತ್ತದೆ, ಹಾಳಾದರೆ ಕಂಪನಿ ಮೇಲೆ ಕೇಸ್ ಹಾಕಬಹುದು. ಈ ಕೊನೆಯದು ಸಣ್ಣ ಮಾತಲ್ಲ. ಮುಂದೆ ನೋಡಿ, ಕೆಲವು ಕಂಪನಿಗಳು ಮುಚ್ಚಿಹೋದದ್ದೇ ಕೋರ್ಟಿನಿಂದ.

"ಹಾಗಾದ್ರೆ ಕೆಟ್ಟ ಹೆಸರು ಬಂದಿದ್ದು ಎಲ್ಲಿಂದ?"

ಒಂದು ಕಾನೂನಿನಿಂದ ಅಂದರೆ ನಂಬುತ್ತೀರಾ? 1960ರ ದಶಕದಲ್ಲಿ ಯುರೋಪಿನಿಂದ ಅಗ್ಗದ ಸಣ್ಣ ರಿವಾಲ್ವರ್‌ಗಳು ರಾಶಿರಾಶಿ ಬರುತ್ತಿದ್ದವು. 'ಸ್ಯಾಟರ್ಡೇ ನೈಟ್ ಸ್ಪೆಷಲ್' ಅಂತ ಅವನ್ನು ಹೀಯಾಳಿಸುತ್ತಿದ್ದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ಬರ ಹತ್ಯೆಯೂ ಆಯಿತು. ಕೆನಡಿಗೆ ಹೊಡೆದದ್ದು ಐವರ್ ಜಾನ್ಸನ್ ಕಂಪನಿಯ ಅಗ್ಗದ .22 (ಗುಂಡಿನ ಅಳತೆ, ಇಂಚಿನಲ್ಲಿ) ರಿವಾಲ್ವರಿನಿಂದ. ಆ ವರ್ಷವೇ ಗನ್ ಕಂಟ್ರೋಲ್ ಆಕ್ಟ್ ಬಂತು. ಆಟೋಟಕ್ಕೆ ತಕ್ಕದ್ದಲ್ಲದ ಕೈಬಂದೂಕನ್ನು ಹೊರದೇಶದಿಂದ ತರುವಂತಿಲ್ಲ ಅಂದಿತು. ಉದ್ದ, ತೂಕ, ಸುರಕ್ಷತೆ ಹೀಗೆ ಒಂದೊಂದಕ್ಕೂ ಅಂಕ. ಪಿಸ್ತೂಲು ಪಾಸಾಗಲು 75 ಅಂಕ ಬೇಕು. ತಮಾಷೆ ಅಂದರೆ ಜರ್ಮನಿಯ ದುಬಾರಿ ವಾಲ್ಥರ್ ಪಿಪಿಕೆ ಕೂಡ ಗಾತ್ರ ಸಾಲದೆ ಫೇಲಾಯಿತು. ಆಮೇಲೆ ಅವರು ಅದರ ಮೇಲ್ಭಾಗವನ್ನು ಸ್ವಲ್ಪ ದೊಡ್ಡ ಚೌಕಟ್ಟಿಗೆ ಕೂರಿಸಿ ಪಿಪಿಕೆ/ಎಸ್ ಅಂತ ಕಳಿಸಿದರು.

ಆದರೆ ಕಾನೂನು ತಡೆದದ್ದು ಆಮದನ್ನು ಮಾತ್ರ. ಅದೇ ಪಿಸ್ತೂಲನ್ನು ಅಮೆರಿಕದೊಳಗೆ ಮಾಡಿದರೆ ಯಾರ ಅಡ್ಡಿಯೂ ಇಲ್ಲ. ಖಾಲಿಯಾದ ಜಾಗಕ್ಕೆ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕಾರ್ಖಾನೆಗಳು ನುಗ್ಗಿದವು. ಜಾರ್ಜ್ ಜೆನಿಂಗ್ಸ್ 1970ರಲ್ಲಿ ರೇವನ್ ಆರ್ಮ್ಸ್ ಶುರು ಮಾಡಿದ. ಅವನ ಮಗ ಬ್ರೂಸ್ ಜೆನಿಂಗ್ಸ್ ತನ್ನ ಹೆಸರಿನ ಕಂಪನಿ ಕಟ್ಟಿದ, ಬ್ರೈಕೊ ಕೂಡ ಅವನದೇ ಬಳಗ. ಡೇವಿಸ್ ಇಂಡಸ್ಟ್ರೀಸ್ ಅಳಿಯನದು. ಲೋರ್ಸಿನ್ ಪರಿಚಯದವರದು. ಒಂದೇ ಮನೆತನದ ಅಡಿಗೆಮನೆಯಿಂದ ಬಂದ ಊಟದಂತೆ ಎಲ್ಲದರ ರುಚಿಯೂ ಒಂದೇ. ಡಾ. ಗ್ಯಾರೆನ್ ವಿಂಟಮ್ಯೂಟ್ ಅನ್ನುವ ವೈದ್ಯರು 1994ರಲ್ಲಿ ಈ ಗುಂಪಿಗೆ 'ರಿಂಗ್ ಆಫ್ ಫೈರ್' ಅಂತ ಹೆಸರಿಟ್ಟರು. ಆ ಹೊತ್ತಿಗೆ ದೇಶದಲ್ಲಿ ತಯಾರಾಗುತ್ತಿದ್ದ ಕೈಬಂದೂಕುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇವರದೇ ಆಗಿತ್ತು.

"ಆ ಹಳೇವು ನಿಜವಾಗ್ಲೂ ಅಷ್ಟು ಕೆಟ್ಟದಾಗಿದ್ವಾ?"

ಹೌದು. ಇದರಲ್ಲಿ ನನಗೆ ಎರಡು ಮಾತಿಲ್ಲ. ರೇವನ್ ಎಂಪಿ-25 ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಚೌಕಟ್ಟು, ಅದರ ಮೇಲೆ ಹಿಂದೆಮುಂದೆ ಜಾರುವ ಸ್ಲೈಡ್, ಎರಡೂ ಸತುವಿನ ಎರಕ. ಬಿದ್ದರೆ ಗುಂಡು ಹಾರದಂತೆ ತಡೆಯುವ ಏರ್ಪಾಡು ಈ ಬಳಗದ ಬಹಳಷ್ಟು ಪಿಸ್ತೂಲುಗಳಲ್ಲಿ ಇರಲೇ ಇಲ್ಲ. ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ, ಗುಂಡು ಇಟ್ಟುಕೊಂಡು ಕೈ ಜಾರಿದರೆ ದೇವರೇ ಗತಿ.

ಬ್ರೈಕೊ 38ರ ಕತೆ ಇನ್ನೂ ಕೆಟ್ಟದ್ದು. ಗುಂಡು ತೆಗೆದು ಖಾಲಿ ಮಾಡಬೇಕೆಂದರೆ ಮೊದಲು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕೀಲಿ) ತೆಗೆಯಲೇಬೇಕು. ಅಂದರೆ ಎಲ್ಲಕ್ಕಿಂತ ಎಚ್ಚರ ಬೇಕಾದ ಕ್ಷಣದಲ್ಲೇ ಕಾವಲು ಇಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಖಾಲಿ ಮಾಡಲು ಹೋದಾಗ ಗುಂಡು ಹಾರಿ, ಏಳು ವರ್ಷದ ಹುಡುಗನೊಬ್ಬ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ. 2003ರಲ್ಲಿ ಜ್ಯೂರಿ, ತಯಾರಕರು, ಮಾರಾಟಗಾರರು ಸುಮಾರು 2.4 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಬ್ರೈಕೊ ದಿವಾಳಿ ಎದ್ದಿತು. ಮರುವರ್ಷ ಹರಾಜು ನಡೆಯಿತು. ಕಾರ್ಖಾನೆ ಕೊಂಡು ಎಲ್ಲ ಕರಗಿಸಿಬಿಡಬೇಕು ಅಂತ ಹುಡುಗನ ಕಡೆಯವರು ಹಣ ಕೂಡಿಸಿ ಕೂಗಿದರು. ಸಿಗಲಿಲ್ಲ. ಬ್ರೈಕೊದ ಹಳೇ ಮೇಸ್ತ್ರಿಯೇ 5,10,000 ಡಾಲರಿಗೆ ಹಿಡಿದು, ಹಿಮೆನೆಜ್ ಆರ್ಮ್ಸ್ ಅಂತ ಬೋರ್ಡು ಹಾಕಿ, ಹೆಚ್ಚುಕಡಿಮೆ ಅದೇ ಮಾಲು ಮತ್ತೆ ಶುರು ಮಾಡಿದ. ಅದೂ 2020ರಲ್ಲಿ ದಿವಾಳಿ.

## ಸ್ವಲ್ಪ ಒಳಗೆ ಇಳಿದರೆ

"ಝಮಾಕ್ ಝಮಾಕ್ ಅಂತಾರಲ್ಲ, ಏನದು?"

ಸತುವಿಗೆ ನೂರಕ್ಕೆ ಸುಮಾರು 4 ಭಾಗ ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹ. 400 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ. ಅಚ್ಚಿಗೆ ಒತ್ತಿ ಸುರಿದರೆ ಅಂಚು, ಮೂಲೆ ಸಮೇತ ರೂಪ ತಳೆದು ಹೊರಬರುತ್ತದೆ, ಆಮೇಲೆ ಕೊರೆಯುವ ಕೆಲಸ ಕಡಿಮೆ. ಅಗ್ಗದ ಗುಟ್ಟು ಇದೇ. ಬಾಗಿಲ ಹಿಡಿಕೆ, ಹಳೇ ಕಾರುಗಳ ಕಾರ್ಬ್ಯುರೇಟರ್, ಆಟಿಕೆ ಕಾರು ಎಲ್ಲದರಲ್ಲೂ ಇದೆ.

ಉಕ್ಕಿನಷ್ಟು ಗಟ್ಟಿ ಅಲ್ಲ, ಹಾಗಾಗಿ ಅದೇ ಬಲಕ್ಕೆ ದಪ್ಪ ಮಾಡಬೇಕು. ಎಲ್ಲಿ ಬಳಸುತ್ತಾರೆ ಅನ್ನುವುದೇ ಮುಖ್ಯ. ವಾಲ್ಥರ್ ಪಿ22 ಅನ್ನುವ ಹೆಸರುವಾಸಿ ಪಿಸ್ತೂಲಿನ ಸ್ಲೈಡೂ ಸತುವಿನ ಮಿಶ್ರಲೋಹದ್ದೇ. .22 ಗುಂಡಿನ ಒದೆತಕ್ಕೆ ಅದು ತಡೆದುಕೊಳ್ಳುತ್ತದೆ, ಯಾರೂ ಅದನ್ನು ತಗಡು ಅನ್ನುವುದಿಲ್ಲ. ಹೆಸರು ಜರ್ಮನ್ ಆದರೆ ಸತುವೂ ಉಕ್ಕಾಗುತ್ತದೆ ಅಂತ ಕಾಣುತ್ತೆ!

"ಹೈ-ಪಾಯಿಂಟ್ ಅಂದ್ರೆ ಯಾಕೆ ಎಲ್ಲರೂ ನಗ್ತಾರೆ?"

ನೋಡಿದರೆ ನಗು ಬರುತ್ತದೆ, ಅದಕ್ಕೆ. ಸ್ಲೈಡ್ ಇಟ್ಟಿಗೆಯಷ್ಟು ದಪ್ಪ, ಹಿಡಿಕೆ ಸಣಕಲು. ಸಿ9 ಖಾಲಿ ಇದ್ದಾಗಲೇ ಸುಮಾರು 820 ಗ್ರಾಂ, ಹಿಡಿಸುವುದು ಮಾತ್ರ 8 ಗುಂಡು. ಗ್ಲಾಕ್ 19 ಸುಮಾರು 600 ಗ್ರಾಂ ಇದ್ದು 15 ಗುಂಡು ಹಿಡಿಸುತ್ತದೆ.

ಆ ದಪ್ಪಕ್ಕೆ ಕಾರಣ ಇದೆ. ಬಹಳಷ್ಟು 9 ಎಂಎಂ ಪಿಸ್ತೂಲುಗಳಲ್ಲಿ ಗುಂಡು ಹಾರುವಾಗ ನಳಿಕೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ನಳಿಕೆ ಕೆಳಗೆ ವಾಲಿ ಬಿಡಿಸಿಕೊಳ್ಳುತ್ತದೆ. ಈ ಕಚ್ಚು ಕೊರೆಯಲು ನಿಖರ ಕೆಲಸ ಬೇಕು, ದುಡ್ಡು ಬೇಕು. ಹೈ-ಪಾಯಿಂಟ್‌ನಲ್ಲಿ ಕಚ್ಚೇ ಇಲ್ಲ. ಸ್ಲೈಡಿನ ಭಾರ, ಸ್ಪ್ರಿಂಗಿನ ಬಿಗಿ, ಇವೆರಡೇ ಹಿಂಬದಿಯನ್ನು ಕ್ಷಣಮಾತ್ರ ತಡೆದು ಹಿಡಿಯಬೇಕು. ಇದಕ್ಕೆ ಬ್ಲೋಬ್ಯಾಕ್ ಅಂತಾರೆ. ಹಗುರ ಸ್ಲೈಡ್ ಹಾಕಿದರೆ ಬೇಗ ತೆರೆದುಕೊಂಡುಬಿಡುತ್ತದೆ. ಹಾಗಾಗಿ ಭಾರ ಹಾಕಲೇಬೇಕು, ಸತುವಿನ ಎರಕದಲ್ಲಿ ಭಾರ ಹಾಕುವುದು ಸುಲಭ.

ಕೈಯಲ್ಲಿ ಹಿಡಿದರೆ ಮೊದಲು ಗೊತ್ತಾಗುವುದು ತಲೆಭಾರ. ಸ್ಲೈಡ್ ಎಳೆಯಲು ಹೆಬ್ಬೆರಳು, ತೋರುಬೆರಳು ಸಾಲದು, ಪೂರ್ತಿ ಅಂಗೈ ಹಾಕಿ ಜಗ್ಗಬೇಕು. ಬೆರಳಲ್ಲಿ ಶಕ್ತಿ ಕಡಿಮೆ ಇರುವ ವಯಸ್ಸಾದವರಿಗೆ ಇದು ಆಗದು. ಬಿಚ್ಚಿ ಕ್ಲೀನ್ ಮಾಡುವುದು ಇನ್ನೊಂದು ತಲೆನೋವು. ಗ್ಲಾಕ್ ಬರಿಗೈಯಲ್ಲಿ ಕ್ಷಣಾರ್ಧದಲ್ಲಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಪಂಚ್ (ಮೊಂಡು ಮೊಳೆಯಂಥ ಉಪಕರಣ) ಇಟ್ಟು ಸುತ್ತಿಗೆಯಿಂದ ತಟ್ಟಿ ಒಂದು ಪಿನ್ ಹೊರಡಿಸಬೇಕು.

ಒಳ್ಳೆಯದೂ ಇದೆ. ನಳಿಕೆ ಅಲುಗಾಡದೆ ಚೌಕಟ್ಟಿಗೆ ಅಂಟಿಕೊಂಡಿರುವುದರಿಂದ ಗುರಿ ಚೆನ್ನಾಗಿಯೇ ಕೂರುತ್ತದೆ. ಭಾರ ಇರುವುದರಿಂದ ಒದೆತವೂ ತೀರಾ ಜಾಸ್ತಿ ಅನಿಸುವುದಿಲ್ಲ. ವಾರಂಟಿ ಅಂತೂ ಜೀವಮಾನದ್ದು. ನೀವು ಎಷ್ಟನೇ ಮಾಲೀಕರು ಅಂತಲೂ ಕೇಳುವುದಿಲ್ಲ, ಕಳಿಸಿದರೆ ರಿಪೇರಿ ಮಾಡಿ ಕಳಿಸುತ್ತಾರೆ. ಕಾರ್ಖಾನೆ ಇರುವುದು ಇಲ್ಲೇ ಓಹಿಯೋದ ಮ್ಯಾನ್ಸ್‌ಫೀಲ್ಡ್‌ನಲ್ಲಿ. ಕೊಲಂಬಸ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ.

ಗೇಲಿಯನ್ನು ಕಂಪನಿ ತೆಗೆದುಕೊಂಡ ರೀತಿಯೂ ಚೆನ್ನ. 2019ರಲ್ಲಿ ಹೊಸ ಪಿಸ್ತೂಲಿಗೆ ಹೆಸರು ಸೂಚಿಸಿ ಅಂತ ಜನರನ್ನು ಕೇಳಿದರು. ಜನ 'ಯೀಟ್ ಕ್ಯಾನನ್' (ಬಿಸಾಡುವ ತೋಪು ಅಂದಹಾಗೆ) ಅಂತ ಪೋಲಿ ಹೆಸರಿಗೆ ಮುಗಿಬಿದ್ದರು. ಮೊದಲು ಹಿಂದೇಟು ಹಾಕಿದ ಕಂಪನಿ ಕೊನೆಗೆ ಸ್ಲೈಡಿನ ಮೇಲೆ ಅದನ್ನೇ ಕೆತ್ತಿ ಮಾರಿತು.

"ಅಗ್ಗದವು ಜಾಮ್ ಆಗೋದು ಜಾಸ್ತಿ ಅಂತಾರೆ, ನಿಜಾನಾ?"

ಸ್ವಲ್ಪ ನಿಜ. ಆದರೆ ಕಾರಣ ಬಹಳ ಸಲ ಪಿಸ್ತೂಲಲ್ಲ, ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಝೀನ್. ಮ್ಯಾಗಝೀನಿನ ಬಾಯಲ್ಲಿ ತೆಳು ತಗಡಿನ ಎರಡು ತುಟಿಗಳು ಇರುತ್ತವೆ. ಮುಂದಿನ ಗುಂಡು ಯಾವ ಕೋನದಲ್ಲಿ ಎದ್ದು ಚೇಂಬರಿಗೆ ನುಗ್ಗಬೇಕು ಅನ್ನುವುದನ್ನು ಅವೇ ನಿರ್ಧರಿಸುತ್ತವೆ. ಒಂದು ತುಟಿ ಕೂದಲೆಳೆಯಷ್ಟು ಬಾಗಿದರೂ ಗುಂಡಿನ ಮೂತಿ ಮೇಲಕ್ಕೋ ಕೆಳಕ್ಕೋ ಕುಕ್ಕುತ್ತದೆ. ಅಗ್ಗದ ಕಂಪನಿ ಉಳಿತಾಯ ಮಾಡುವುದು ಇಂಥ ಕಡೆಯೇ. ನನ್ನ ಕೈಗೆ ಬಂದ ಒಂದು ಸಣ್ಣ ಪಿಸ್ತೂಲು ಪ್ರತಿ ಮ್ಯಾಗಝೀನಿನ ಕೊನೆಯ ಗುಂಡಿಗೆ ತಪ್ಪದೆ ಸಿಕ್ಕಿಕೊಳ್ಳುತ್ತಿತ್ತು. ಹೊಸ ಮ್ಯಾಗಝೀನ್ ಹಾಕಿದ ಮೇಲೆ ಆ ತೊಂದರೆಯೇ ಇಲ್ಲ.

ಇನ್ನೊಂದು ಕಾರಣ ನಮ್ಮ ಕೈ. ಮಣಿಕಟ್ಟು ಸಡಿಲ ಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಹೊಡೆದ ಗುಂಡಿನ ಖಾಲಿ ಕೋಶ ಹೊರಬೀಳದೆ ಬಾಗಿಲಲ್ಲೇ ನಿಂತುಬಿಡುತ್ತದೆ. ಹೊಸಬರು ಕೊಳ್ಳುವುದು ಅಗ್ಗದ್ದನ್ನೇ, ಸಡಿಲ ಹಿಡಿಯುವವರೂ ಹೊಸಬರೇ. ಬೈಸಿಕೊಳ್ಳುವುದು ಪಿಸ್ತೂಲು!

"ದುಬಾರಿ ಕಂಪನಿಗಳಲ್ಲಿ ಈ ಥರ ತೊಂದರೆ ಇರಲ್ಲ, ಅಲ್ವಾ?"

ಇರುತ್ತೆ. ಸಿಗ್ ಸಾವರ್ ಕಂಪನಿಯ ಪಿ320 ಅನ್ನು 2017ರ ಜನವರಿಯಲ್ಲಿ ಅಮೆರಿಕದ ಸೇನೆಯೇ ಆರಿಸಿಕೊಂಡಿತು. ಅದೇ ವರ್ಷ, ಒಂದು ಕೋನದಲ್ಲಿ ಬೀಳಿಸಿದರೆ ಗುಂಡು ಹಾರುತ್ತದೆ ಅಂತ ಬಯಲಾಯಿತು. ಕಂಪನಿ ಪುಕ್ಕಟೆ ಬದಲಾವಣೆ ಮಾಡಿಕೊಡಲು ಒಪ್ಪಿತು. ಟ್ರಿಗರ್ ಮುಟ್ಟದೆಯೇ ಗುಂಡು ಹಾರಿತು ಅಂತ ಆಮೇಲೂ ಹಲವರು ಕೋರ್ಟಿಗೆ ಹೋದರು. ಕಂಪನಿ ಇದನ್ನು ಒಪ್ಪುವುದಿಲ್ಲ. ಆದರೂ 2024ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಒಂದು ಪ್ರಕರಣದಲ್ಲಿ 1.1 ಕೋಟಿ ಡಾಲರ್ ಕೊಡಿ ಅಂದಿತು. ರೂಗರ್ 2008ರಲ್ಲಿ ಎಲ್‌ಸಿಪಿ ಅನ್ನುವ ಪುಟ್ಟ ಪಿಸ್ತೂಲನ್ನು ಬಿದ್ದರೆ ಹಾರಬಹುದು ಅಂತ ವಾಪಸ್ ಕರೆಸಿತು. ರೆಮಿಂಗ್ಟನ್‌ನಂಥ ಹಳೇ ಕಂಪನಿ 2014ರಲ್ಲಿ ಆರ್51 ಬಿಡುಗಡೆ ಮಾಡಿ ಅದೇ ವರ್ಷ ಹಿಂದಕ್ಕೆ ಪಡೆಯಿತು.

ದುಬಾರಿಯೂ ಅಗ್ಗವೂ ಒಂದೇ ಅಂತ ನಾನು ಹೇಳುತ್ತಿಲ್ಲ. 550 ಡಾಲರ್ ಕೊಟ್ಟರೆ ಟ್ರಿಗರ್ ನಯವಾಗಿರುತ್ತದೆ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಚರ್ಮದ ಒರೆ ಹುಡುಕಿಕೊಂಡು ಅಲೆಯಬೇಕಿಲ್ಲ. ಬಿದ್ದರೆ ಹಾರುತ್ತದೋ ಇಲ್ಲವೋ ಅನ್ನುವುದು ಮಾತ್ರ ಬೆಲೆಚೀಟಿ ನೋಡಿ ಹೇಳುವಂಥದ್ದಲ್ಲ. ಆ ಮಾಡೆಲ್ಲಿನ ಚರಿತ್ರೆ ನೋಡಬೇಕು.

"ಟಾರಸ್ ನಂಬಬಹುದಾ? ಕೇಸ್ ಆಗಿತ್ತಂತಲ್ಲ"

ಆಗಿತ್ತು. ಪಿಟಿ-111 ಸೇರಿದಂತೆ ಒಂಬತ್ತು ಹಳೇ ಮಾಡೆಲ್‌ಗಳು ಬಿದ್ದಾಗ ಹಾರುತ್ತವೆ ಅಂತ ಹೂಡಿದ ದಾವೆ 2015ರಲ್ಲಿ ರಾಜಿಗೆ ಬಂತು. ಸುಮಾರು ಹತ್ತು ಲಕ್ಷ ಪಿಸ್ತೂಲುಗಳ ಮಾತು ಅದು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಈ ಹಳೇ ಮಿಲೆನಿಯಮ್ ಸಾಲಿನದು ಕಂಡರೆ ಮುಂದೆ ನಡೆಯಿರಿ. ಆಮೇಲೆ ಬಂದ ಜಿ2ಸಿ, 2019ರ ಜಿ3 ಬಗ್ಗೆ ರೇಂಜಿನಲ್ಲಿ ಒಳ್ಳೆ ಮಾತೇ ಕೇಳುತ್ತೇನೆ. 2023ರಲ್ಲಿ ಜಿಎಕ್ಸ್4ರ ಕೆಲವು ಪಿಸ್ತೂಲುಗಳಿಗೆ ಕಂಪನಿಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿತ್ತು. ಹಾಗಾಗಿ ಕೊಳ್ಳುವ ಮುಂಚೆ ಸೀರಿಯಲ್ ನಂಬರ್ ಹಾಕಿ ನೋಡಿಬಿಡಿ, ಎರಡು ನಿಮಿಷದ ಕೆಲಸ.

"ಸುಮ್ನೆ ಗುರಿ ಹೊಡೆಯೋಕೆ ಅಷ್ಟೇ ಬೇಕು. ಎಲ್ಲಕ್ಕಿಂತ ಅಗ್ಗದ್ದು ಯಾವುದು?"

ಹೆರಿಟೇಜ್ ರಫ್ ರೈಡರ್. ಕೌಬಾಯ್ ಕಾಲದ ರೂಪದ .22 ರಿವಾಲ್ವರ್, ಬೆಲೆ 150 ಡಾಲರ್ ಆಸುಪಾಸು. ಚೌಕಟ್ಟು ಝಮಾಕ್, ನಳಿಕೆ ಮತ್ತು ತಿರುಗುವ ಸಿಲಿಂಡರ್ ಉಕ್ಕು. ಪ್ರತಿ ಗುಂಡಿಗೂ ಹಿಂಬದಿಯ ಕುದುರೆಯನ್ನು (ಹ್ಯಾಮರ್) ಹೆಬ್ಬೆರಳಿನಿಂದ ಎಳೆಯಬೇಕು, ಆದ್ದರಿಂದ ಹೊಸಬರು ಅವಸರವಿಲ್ಲದೆ ಕಲಿಯುತ್ತಾರೆ. ಇದನ್ನು ನೋಡಿಯೇ ರೂಗರ್ 2019ರಲ್ಲಿ ರ‍್ಯಾಂಗ್ಲರ್ ಅಂತ ಅಲ್ಯೂಮಿನಿಯಂ ಚೌಕಟ್ಟಿನದನ್ನು ಕಣಕ್ಕಿಳಿಸಿತು. ಆತ್ಮರಕ್ಷಣೆಗೆ ಎರಡೂ ಬೇಡ.

## ಇನ್ನಷ್ಟು ಆಳದ ಪ್ರಶ್ನೆಗಳು

"ಅಪರಾಧಕ್ಕೆ ಬಳಸೋದು ಅಗ್ಗದವನ್ನೇ, ಹಾಗಾದ್ರೆ ಹೆಸರು ಕೆಡೋದು ಸರಿ ತಾನೇ?"

ಒಂದು ಕಾಲಕ್ಕೆ ಲೆಕ್ಕ ಹಾಗೆಯೇ ಇತ್ತು. 1990ರ ದಶಕದಲ್ಲಿ ಪೊಲೀಸರು ಜಾಡು ಹಿಡಿಯಲು, ಬಂದೂಕಿನ ವ್ಯವಹಾರ ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್‌ಗೆ ಕಳಿಸುತ್ತಿದ್ದ ಪಿಸ್ತೂಲುಗಳ ಪಟ್ಟಿಯಲ್ಲಿ ಲೋರ್ಸಿನ್ .380, ರೇವನ್ .25, ಡೇವಿಸ್ .380 ಮೇಲೆಯೇ ಇರುತ್ತಿದ್ದವು. ಇವತ್ತು ಆ ಚಿತ್ರ ಬದಲಾಗಿದೆ. ಎಟಿಎಫ್ 2023ರಲ್ಲಿ ಪ್ರಕಟಿಸಿದ, 2017ರಿಂದ 2021ರವರೆಗಿನ ಲೆಕ್ಕದಲ್ಲಿ ಗ್ಲಾಕ್ ಮುಂದಿದೆ. ಟಾರಸ್, ಸ್ಮಿತ್ ಆಂಡ್ ವೆಸನ್, ರೂಗರ್ ಕೂಡ ಮೇಲಿನ ಸಾಲಿನಲ್ಲಿವೆ. ಅಂಗಡಿಯಲ್ಲಿ ಯಾವುದು ಜಾಸ್ತಿ ಮಾರಾಟವೋ ಅಪರಾಧದಲ್ಲೂ ಅದೇ ಜಾಸ್ತಿ ಸಿಗುತ್ತದೆ.

ಹಾಗಂತ ಅಗ್ಗದ ಪಿಸ್ತೂಲಿಗೆ ಪೂರ್ತಿ ಮಾಫಿ ಕೊಡಲಾರೆ. ಕಳ್ಳಸಾಗಣೆ ಮಾಡುವವನಿಗೆ ಕಡಿಮೆ ಬಂಡವಾಳದಲ್ಲಿ ರಾಶಿ ಕೊಳ್ಳುವುದು ಸುಲಭ. ಓಹಿಯೋದಲ್ಲಿ ಒಬ್ಬ 80ಕ್ಕೂ ಹೆಚ್ಚು ಹೈ-ಪಾಯಿಂಟ್ ಪಿಸ್ತೂಲುಗಳನ್ನು ಒಟ್ಟಿಗೆ ಕೊಡಿಸಿಕೊಂಡು ನ್ಯೂಯಾರ್ಕ್ ರಾಜ್ಯದ ಬಫಲೋಗೆ ಸಾಗಿಸಿದ. ಅದರಲ್ಲಿ ಒಂದರಿಂದ 2003ರಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಹುಡುಗನಿಗೆ, ಬೇರೆ ಯಾರೋ ಅಂದುಕೊಂಡು, ಗುಂಡು ಬಿತ್ತು. ಕೇಸ್ ವರ್ಷಗಟ್ಟಲೆ ನಡೆಯಿತು. 80 ಪಿಸ್ತೂಲು ಒಟ್ಟಿಗೆ ಕೇಳಿದವನಿಗೆ ಕೊಟ್ಟ ಮಾರಾಟಗಾರ ಒಂದು ಪ್ರಶ್ನೆಯನ್ನಾದರೂ ಕೇಳಬೇಕಿತ್ತು. ಅದು ಸತುವಿನ ತಪ್ಪಲ್ಲ, ಮಾರಿದವನದು.

"ಬಡವರ ಕೈಗೆ ಸಿಗಬಾರದು ಅಂತಲೇ ಈ ಗೇಲಿ, ಈ ಕಾನೂನು ಅಂತಾರಲ್ಲ?"

ಚರಿತ್ರೆಯಲ್ಲಿ ಅದಕ್ಕೆ ಆಧಾರ ಇದೆ. ಟೆನೆಸೀ ರಾಜ್ಯ 1879ರಲ್ಲಿ, ಸೇನೆ ಮತ್ತು ನೌಕಾಪಡೆ ಬಳಸುವ ಮಾದರಿ ಬಿಟ್ಟು ಬೇರೆ ಪಿಸ್ತೂಲು ಮಾರಬಾರದು ಅಂತ ಕಾನೂನು ಮಾಡಿತು. ಆ ದೊಡ್ಡ ಪಿಸ್ತೂಲುಗಳು ದುಬಾರಿ. ಮಾಜಿ ಸೈನಿಕರಾಗಿದ್ದ ಬಿಳಿಯರ ಮನೆಯಲ್ಲಿ ಆಗಲೇ ಇದ್ದವು. ಆಗಷ್ಟೇ ಗುಲಾಮಗಿರಿಯಿಂದ ಹೊರಬಂದ ಕರಿಯರಿಗೆ ಕೈಗೆಟುಕುತ್ತಿದ್ದದ್ದು ಸಣ್ಣ ಅಗ್ಗದವು ಮಾತ್ರ. ಕಾನೂನಿನಲ್ಲಿ ಬಣ್ಣದ ಹೆಸರಿಲ್ಲ, ಏಟು ಬಿದ್ದದ್ದು ಯಾರಿಗೆ ಅಂತ ಹೇಳಬೇಕಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಇಲಿನಾಯ್, ದಕ್ಷಿಣ ಕ್ಯಾರೊಲಿನಾ, ಮಿನಸೋಟದಂಥ ರಾಜ್ಯಗಳು ಇನ್ನೊಂದು ದಾರಿ ಹಿಡಿದವು: ಇಷ್ಟು ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಕರಗುವ ಲೋಹದ ಪಿಸ್ತೂಲು ಮಾರುವಂತಿಲ್ಲ. ಇಲಿನಾಯ್‌ನಲ್ಲಿ ಅದು 800 ಡಿಗ್ರಿ ಫ್ಯಾರನ್‌ಹೀಟ್. ಝಮಾಕ್ ಅದಕ್ಕಿಂತ ಕೆಳಗೇ ಕರಗುತ್ತದೆ. ನನ್ನ ಕೇಳಿದರೆ ಇದು ಪೆದ್ದು ಅಳತೆ. ಪಿಸ್ತೂಲನ್ನು ಯಾರೂ ಒಲೆಯಲ್ಲಿ ಇಡುವುದಿಲ್ಲ. ಕ್ಯಾಲಿಫೋರ್ನಿಯಾ 1999ರಲ್ಲಿ ಮಾಡಿದ್ದು ವಾಸಿ. ಮೀಟರ್ ಎತ್ತರದಿಂದ ಬೀಳಿಸಿ ನೋಡು, 600 ಗುಂಡು ಹೊಡೆದು ನೋಡು, ಆರಕ್ಕಿಂತ ಜಾಸ್ತಿ ಸಲ ಕೈಕೊಟ್ಟರೆ ಫೇಲ್. ಇದು ಪಿಸ್ತೂಲಿನ ಗುಣ ಅಳೆಯುತ್ತದೆ. ಆಮೇಲೆ ಅದೇ ಕಾನೂನಿಗೆ ಒಂದರ ಮೇಲೊಂದು ಷರತ್ತು ಸೇರಿಸಿ ಕಗ್ಗಂಟು ಮಾಡಿದರು, ಆ ಮಾತು ಬೇರೆ.

"250 ಡಾಲರಿಗೆ ಹೊಸ ಅಗ್ಗದ್ದು ತಗೊಳ್ಲಾ, ಒಳ್ಳೇ ಕಂಪನಿಯ ಹಳೇದು ತಗೊಳ್ಲಾ?"

ಆಯ್ಕೆ ಇದ್ದರೆ ಹಳೇದು. ಪೊಲೀಸ್ ಇಲಾಖೆಗಳು ಪಿಸ್ತೂಲು ಬದಲಿಸುವಾಗ ಹಳೆಯವನ್ನು ವ್ಯಾಪಾರಿಗೆ ಕೊಟ್ಟುಬಿಡುತ್ತವೆ. ಎಫ್‌ಬಿಐ .40 ಬಿಟ್ಟು 9 ಎಂಎಂಗೆ ಮರಳಿದ ಮೇಲೆ ಬೇರೆ ಇಲಾಖೆಗಳೂ ಹಿಂದೆಯೇ ನಡೆದವು. ಗ್ಲಾಕ್ 22 ಅನ್ನುವ .40 ಪಿಸ್ತೂಲುಗಳು ಅಂಗಡಿಗೆ ಸಾಲುಗಟ್ಟಿ ಬಂದವು. ಹೊರಗೆ ಒರೆಯ ಉಜ್ಜು, ಒಳಗೆ ಹೊಸದರಂತೆ: ಪೊಲೀಸರು ಹೊತ್ತು ತಿರುಗುವುದು ಜಾಸ್ತಿ, ಹೊಡೆಯುವುದು ಕಡಿಮೆ. ಒಂದೇ ತೊಡಕು, .40ರ ಒದೆತ ಜಾಸ್ತಿ, ಗುಂಡಿನ ಬೆಲೆಯೂ ಜಾಸ್ತಿ.

"ತಗೊಂಡ ಮೇಲೆ ನಂಬಿಕೆ ಬರೋ ಹಾಗೆ ಹೇಗೆ ಪರೀಕ್ಷೆ ಮಾಡೋದು?"

ಕಡಿಮೆ ಅಂದರೂ 200 ಗುಂಡು ಹೊಡೆಯಿರಿ. ಮಾಮೂಲಿ 9 ಎಂಎಂ ಗುಂಡಿಗೆ 25-30 ಸೆಂಟ್ ಹಿಡಿದರೆ 50-60 ಡಾಲರ್ ಆಯಿತು. ಇರುವ ಮ್ಯಾಗಝೀನುಗಳಿಗೆಲ್ಲ ಪೆನ್ನಿನಿಂದ ನಂಬರ್ ಬರೆಯಿರಿ. ಸಿಕ್ಕಿಕೊಂಡಾಗ ಯಾವ ನಂಬರಿನದು, ಎಷ್ಟನೇ ಗುಂಡು ಅಂತ ಗುರುತು ಮಾಡಿಕೊಳ್ಳಿ. ಒಂದೇ ನಂಬರ್ ಮತ್ತೆ ಮತ್ತೆ ಬಂದರೆ ಮ್ಯಾಗಝೀನ್ ಎಸೆಯಿರಿ. ಎಲ್ಲದರಲ್ಲೂ ಬಂದರೆ ಪಿಸ್ತೂಲು ಕಂಪನಿಗೆ ವಾಪಸ್. ಮನೆ ಕಾವಲಿಗೆ ಅಂತ ಬೇರೆ ಜಾತಿಯ ಗುಂಡು ಹಾಕುವುದಾದರೆ ಅದನ್ನೂ ಒಂದಷ್ಟು ಹೊಡೆದು ನೋಡಲೇಬೇಕು. ಅದರ ಮೂತಿ ಚಪ್ಪಟೆ, ಒಳಗೆ ಗುಳಿ. ಅಗ್ಗದ ಪಿಸ್ತೂಲು ತಕರಾರು ತೆಗೆಯುವುದು ಅಲ್ಲಿಯೇ.

ಪರೀಕ್ಷೆಗೆ ದುಡ್ಡಿಲ್ಲ ಅಂದರೆ? ಆಗ ಗ್ಲಾಕ್ ಕೊಂಡವರದೂ ಅದೇ ಗತಿ. 600 ಡಾಲರ್ ಕೊಟ್ಟು, ಪೆಟ್ಟಿಗೆಯಿಂದ ತೆಗೆಯದೆ ಬೀರುವಿನಲ್ಲಿ ಇಟ್ಟವರನ್ನು ನಾನು ಬಲ್ಲೆ. ಪೆಟ್ಟಿಗೆ ಅಂದೆನಲ್ಲ, ಮಕ್ಕಳಿರುವ ಮನೆಯಲ್ಲಿ ಬೀಗ ಇರುವ ಉಕ್ಕಿನ ಪೆಟ್ಟಿಗೆ ಮೊದಲು ಬರಲಿ, ಪಿಸ್ತೂಲು ಆಮೇಲೆ.

## ನಮ್ಮವರು ಕೇಳುವವು

"ನಾನು ಎಚ್-1ಬಿ ಮೇಲಿದ್ದೀನಿ. ಅಗ್ಗದ್ದು ಒಂದು ತಗೋಬಹುದಾ?"

ಸಾಮಾನ್ಯವಾಗಿ ಇಲ್ಲ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ಗುಂಡು ಕೊಳ್ಳುವುದೂ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. ಅದನ್ನು ನಂಬಿ ಹೆಜ್ಜೆ ಇಡುವ ಮುಂಚೆ ವಕೀಲರನ್ನು ಕೇಳಿ, ಗ್ರೀನ್ ಕಾರ್ಡಿಗೇ ಕುತ್ತು ಬರುವ ವಿಷಯ. ರೇಂಜಿನಲ್ಲಿ ಬಾಡಿಗೆಗೆ ಹಿಡಿದರೂ ಇಟ್ಟುಕೊಂಡ ಲೆಕ್ಕವೇ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ ಪಿಸ್ತೂಲಿಗೆ 21 ವರ್ಷ ತುಂಬಿರಬೇಕು, 4473 ಅನ್ನುವ ಫಾರಂ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು. ರಾಜ್ಯದ ಕಾನೂನು ಇದರ ಮೇಲೆ ಬೇರೆ.

"ನೀವೇ ಕೊಂಡು ನನಗೆ ಕೊಡಿ ಅಣ್ಣಾ" ಅಂತ ಕೇಳಿದವರೂ ಇದ್ದಾರೆ. ಆಗಲ್ಲಪ್ಪ. ಅದು ಇಬ್ಬರನ್ನೂ ಜೈಲಿಗೆ ಕಳಿಸುವ ಕೆಲಸ.

"ಊರಲ್ಲಿ ಇಂಥದ್ದೊಂದು ಸಿಗುತ್ತಾ?"

ಇಲ್ಲ. ಭಾರತದಲ್ಲಿ 9 ಎಂಎಂ ಅನ್ನುವುದೇ ನಿಷೇಧಿತ ಬೋರ್ (ನಳಿಕೆಯ ಅಳತೆ), ಸಾಮಾನ್ಯ ಜನರಿಗೆ ಲೈಸೆನ್ಸ್ ಸಿಗುವುದಿಲ್ಲ. ಸಿಗುವುದು .32ರಂಥವು, ಅದೂ ಅಧಿಕಾರಿಗಳಿಗೆ ಕಾರಣ ಒಪ್ಪಿಸಿ, ಲೈಸೆನ್ಸ್ ಪಡೆದ ಮೇಲೆ. ಬೆಲೆ ಕೇಳಿದರೆ ಇಲ್ಲಿಯವರು ಬೆಚ್ಚಿಬೀಳುತ್ತಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆ ಅಂತ ತಂದ 'ನಿರ್ಭೀಕ್' ರಿವಾಲ್ವರಿಗೆ ಸುಮಾರು 1.22 ಲಕ್ಷ ರೂಪಾಯಿ ಇಟ್ಟಿತ್ತು. ಆ ದುಡ್ಡಿಗೆ ಇಲ್ಲಿ ಮೂರು ಗ್ಲಾಕ್ ಬರುತ್ತಿತ್ತು. ಟಾರಸ್ ಕಂಪನಿ 2020ರಲ್ಲಿ ಜಿಂದಾಲ್ ಬಳಗದ ಜೊತೆ ಒಪ್ಪಂದ ಮಾಡಿಕೊಂಡು ಹರಿಯಾಣದ ಹಿಸಾರ್‌ನಲ್ಲಿ ಕಾರ್ಖಾನೆ ಹಾಕಿದೆ. ಹೆಸರು ಅದೇ ಅಂತ ಅಮೆರಿಕದ ಬೆಲೆ ನಿರೀಕ್ಷಿಸಬೇಡಿ.

ಕೊಡಗಿನ ಗೆಳೆಯರು ತಮ್ಮ ಕೋವಿ ಹಕ್ಕಿನ ಬಗ್ಗೆ ಕೇಳುತ್ತಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಮನೆತನದ ಕೋವಿಯ ಮಾತು, ಅಮೆರಿಕದ ಪಿಸ್ತೂಲು ತರಿಸಿಕೊಳ್ಳುವ ದಾರಿಯಲ್ಲ. ಇಲ್ಲಿಂದ ಸೂಟ್‌ಕೇಸಿನಲ್ಲಿ ಬಿಡಿಭಾಗ, ಗುಂಡು ಏನೂ ಒಯ್ಯಬೇಡಿ. ಮರೆತು ಬ್ಯಾಗಿನಲ್ಲಿ ಉಳಿದ ಒಂದೇ ಒಂದು ಗುಂಡಿಗೂ ವಿಮಾನ ನಿಲ್ದಾಣದಲ್ಲಿ ಕೇಸ್ ಆಗುತ್ತದೆ.

"ಹಳೇ ಮನೆ ಕೊಂಡೆವು. ಅಟ್ಟದ ಪೆಟ್ಟಿಗೆಯಲ್ಲಿ ರೇವನ್ ಅಂತ ಬರೆದಿರೋ ಪುಟ್ಟ ಪಿಸ್ತೂಲು ಸಿಕ್ಕಿದೆ. ಏನು ಮಾಡ್ಲಿ?"

ಗುಂಡು ಇದೆ ಅಂತಲೇ ಅಂದುಕೊಳ್ಳಿ. ಮಕ್ಕಳನ್ನು ಆ ಕೋಣೆಯಿಂದ ಆಚೆ ಕಳಿಸಿ. ಅಭ್ಯಾಸ ಇಲ್ಲದವರು ಸ್ಲೈಡ್ ಎಳೆದು ನೋಡಲು ಹೋಗಬೇಡಿ, ಬೀಳಿಸಬೇಡಿ. ವೀಸಾ ಮೇಲಿದ್ದರೆ ಅದನ್ನು ಕೈಗೂ ತೆಗೆದುಕೊಳ್ಳಬೇಡಿ. ಹಳೇದು ಅಂತ ಒಳ್ಳೆ ಬೆಲೆ ಬರುತ್ತದೆ ಅಂದುಕೊಂಡಿದ್ದರೆ ಅದೂ ಇಲ್ಲ, ರೇವನ್‌ಗೆ ಗಿರಾಕಿ ಕಡಿಮೆ. ಪೊಲೀಸರ ತುರ್ತಲ್ಲದ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಹೀಗೊಂದು ಸಿಕ್ಕಿದೆ, ಬಂದು ತೆಗೆದುಕೊಂಡು ಹೋಗಿ ಅನ್ನಿ. ಅದನ್ನು ಕಾರಿನಲ್ಲಿ ಹಾಕಿಕೊಂಡು ನೀವೇ ಸ್ಟೇಷನ್ನಿನ ಬಾಗಿಲಿಗೆ ಹೋಗಿ ನಿಲ್ಲಬೇಡಿ.